ಶಶಿ ಹರಾಜಾದ ಮೇಲೆ

ಶಶಿಯನ್ನು ಮೂವತ್ತೊಂದು ಲಕ್ಷಕ್ಕೆ ಕೊಂಡುಕೊಂಡರಂತೆ ಎಂದು ಸುದ್ದಿ ಮುಟ್ಟಿಸಿದಾಗ ಅವನಪ್ಪ ಸಣ್ಣಬೀರಯ್ಯ ಹಸಿ ತಂಬಾಕು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕುಳಿತಿದ್ದ. ತಲೆ ಎತ್ತದೆ ಕೇಳಿದ:

"ಮಾರಿದ್ಯಾರು?"

ಅವನ ಮಟ್ಟಿಗೆ ಪ್ರಶ್ನೆ ಸರಿಯಾಗಿಯೇ ಇತ್ತು. ಕಂಪಲಾಪುರದ ಹರಾಜು ಕಟ್ಟೆಯಲ್ಲಿ ಮೂವತ್ತು ವರ್ಷ ತಂಬಾಕಿನ ಬೇಲು ಮಾರಿದವನು ಅವನು. ಕೊಳ್ಳುವವನಿದ್ದ ಮೇಲೆ ಮಾರುವವನೊಬ್ಬ ಇರಲೇಬೇಕು. ಕಬಡ್ಡಿ ಲೀಗಿನವರು ಆಟಗಾರರನ್ನು ಹರಾಜಿನಲ್ಲಿ ಕೂಗುತ್ತಾರೆ, ಆದರೆ ದುಡ್ಡು ಬರುವುದು ಹರಾಜಾದವನ ಕೈಗೇ ಎಂಬುದು ಅವನ ತಲೆಗೆ ಹೋಗಲು ಅರ್ಧ ದಿನ ಹಿಡಿಯಿತು. ಊರಿನ ಉಳಿದವರಿಗೆ ಅಷ್ಟು ಹೊತ್ತೂ ಬೇಕಾಗಲಿಲ್ಲ.

ನಾನು ನೀಲಕಂಠಸ್ವಾಮಿ, ಊರಿನ ಸರ್ಕಾರಿ ಹೈಸ್ಕೂಲಿನ ದೈಹಿಕ ಶಿಕ್ಷಕ. ಶಶಿಗೆ ಕಬಡ್ಡಿ ಕಲಿಸಿದವನು ನಾನೇ. ಹಾಗಂತ ಆ ವಾರ ಮೂರು ಪತ್ರಿಕೆಗಳವರಿಗೆ ಹೇಳಿದೆ, ಮೂವರೂ ಬರೆದುಕೊಂಡರು. ನಿಜ ಹೇಳಬೇಕೆಂದರೆ ನಾನು ಅವನಿಗೆ ಕಲಿಸಿದ್ದು ಸಾಲಾಗಿ ನಿಲ್ಲುವುದನ್ನು ಮಾತ್ರ. ಕಬಡ್ಡಿ ಪೀರಿಯಡ್ಡಿನಲ್ಲಿ ಹುಡುಗರ ಕೈಗೆ ಸೀಟಿ ಕೊಟ್ಟು ನಾನು ಟೀ ಅಂಗಡಿಗೆ ಹೋಗುತ್ತಿದ್ದೆ. ಎದುರಾಳಿಯ ಕೈಗೆ ಪಾದ ಸಿಕ್ಕಿತು ಎನ್ನುವಾಗ ಮೀನಿನಂತೆ ಜಾರಿ ಬರುವ ಆ ವಿದ್ಯೆಯನ್ನು ಅವನು ತಾನೇ ಕಲಿತ. ಆದರೆ ಪತ್ರಿಕೆಯವರು ಕೇಳಿದಾಗ ಹಾಗೆಲ್ಲ ಹೇಳಲಾಗುತ್ತದೆಯೇ?

ಮೂರನೆಯ ದಿನ ಸಾಲಿಗ್ರಾಮದಿಂದ ಶಶಿಯ ಸೋದರಮಾವ ಕಂಠಪ್ಪ ಬಂದಿಳಿದ. ಒಂದು ಕಾಲದಲ್ಲಿ ಪಂಚಾಯಿತಿ ಮೆಂಬರಾಗಿದ್ದವನು. ಆಮೇಲೆ ಕೆಲಸವೇನೂ ಇರಲಿಲ್ಲವಾದರೂ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಬಿಟ್ಟಿರಲಿಲ್ಲ. ಜಗುಲಿಯ ಮೇಲೆ ಕೂತು, ಅಕ್ಕ ಚಿಕ್ಕಬೀರಮ್ಮ ಕೊಟ್ಟ ಕಾಫಿ ಕುಡಿದು ಘೋಷಿಸಿದ:

"ಭಾವ, ಇನ್ಮೇಕೆ ನಿಮ್ಗೆ ಯಾವ ಯೋಚ್ನೆನೂ ಬ್ಯಾಡ. ದುಡ್ಡು ಬರಾದು ದೊಡ್ಡದಲ್ಲ ಕಣ್ ಭಾವ, ಬಂದಿದ್ದ ಇಡ್ಕಳಕೆ ಕೈ ಬೇಕು. ಆ ಕೈ ನಾನಾಯ್ತೀನಿ."

ಹೀಗೆ ಅವನು ಮ್ಯಾನೇಜರಾದ. ಯಾರೂ ನೇಮಿಸಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

ಒಂದು ತಿಂಗಳೊಳಗೆ ಶಶಿಗೆ ಹನ್ನೊಂದು ಸನ್ಮಾನಗಳಾದವು. ಹುಣಸೂರಿನಲ್ಲಿ ನಾಲ್ಕು, ಪಿರಿಯಾಪಟ್ಟಣದಲ್ಲಿ ಐದು, ಉಳಿದವು ಹಳ್ಳಿಗಳಲ್ಲಿ. ಪ್ರತಿ ಸಭೆಯಲ್ಲೂ ಶಾಲು, ಪೇಟ, ಹಣ್ಣಿನ ಬುಟ್ಟಿ, ಬುಟ್ಟಿಯ ಕೆಳಗೊಂದು ಮನವಿ ಪತ್ರ. ಸಮುದಾಯ ಭವನಕ್ಕೆ ಶೀಟು ಬೇಕು, ಸಂಘಕ್ಕೆ ಮೈಕ್ ಸೆಟ್ಟು ಬೇಕು, ಊರ ಬಾಗಿಲಿಗೆ ಸ್ವಾಗತ ಕಮಾನು ಬೇಕು. ಒಂದು ಸಂಘದವರು ಸನ್ಮಾನದ ಊಟದ ಖರ್ಚನ್ನೂ ಅವನಿಂದಲೇ ವಸೂಲು ಮಾಡಿದರು. ಇಪ್ಪತ್ತಮೂರು ವರ್ಷದ ಹುಡುಗ, ಹಿರಿಯರು ಕೈ ಮುಗಿದರೆ ನಾಚಿ ಕುಗ್ಗುತ್ತಿದ್ದ. "ಆಯ್ತು ಬುಡಿ, ದುಡ್ಡು ಬರ್ಲಿ" ಅನ್ನುತ್ತಿದ್ದ. ಪೈಸೆಯೂ ಕೈಗೆ ಬಾರದೆ ಎಂಟು ಲಕ್ಷದಷ್ಟು ಮಾತು ಕೊಟ್ಟಾಗಿತ್ತು.

ಈ ಮಧ್ಯೆ ತಂಡದವರು ಹೊಸ ಆಟಗಾರರನ್ನೆಲ್ಲ ಬೆಂಗಳೂರಿನ ಹೋಟೆಲೊಂದಕ್ಕೆ ಕರೆಸಿ ಒಂದು ದಿನದ ತರಬೇತಿ ಇಟ್ಟರು. ವಿಷಯ: ದಿಢೀರನೆ ಬರುವ ಹಣಕ್ಕೆ ಸಿದ್ಧರಾಗುವುದು ಹೇಗೆ. ಆಟಗಾರನ ಜೊತೆ ಇಬ್ಬರು ಬರಬಹುದಿತ್ತು. ಶಶಿಯ ಅಕ್ಕ ರಾಧಾ ಬಿ.ಕಾಂ. ಓದಿ ಹುಣಸೂರಿನ ಆಡಿಟರೊಬ್ಬರ ಕಚೇರಿಯಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಜನರ ತೆರಿಗೆ ಲೆಕ್ಕ ತುಂಬುವುದೇ ಅವಳ ಕಸುಬು. ರಜೆ ಹಾಕಿ ಹೊರಟು ನಿಂತಿದ್ದಳು. ಕಂಠಪ್ಪ ತಡೆದ.

"ಎಣ್ಣೈಕಳು ಓಟ್ಲಿಗೆಲ್ಲ ಯಾಕವ್ವ? ಕೋಚ್ ಸಾಹೇಬ್ರು ಬತ್ತಾರೆ ಬುಡು."

ಅವಳ ಜಾಗದಲ್ಲಿ ನಾನು ಹೋದೆ. ಬೇಡ ಅನ್ನಬಹುದಿತ್ತು. ಆದರೆ ಅಲ್ಲಿಯ ಮಧ್ಯಾಹ್ನದ ಊಟ ಭರ್ಜರಿಯಾಗಿರುತ್ತದೆಂದು ಕೇಳಿದ್ದೆ. ಇತ್ತು ಕೂಡ.

ಪಾಠ ಹೇಳಿದಾಕೆ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರು. "ಬರುವ ದುಡ್ಡಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ನಿಮ್ಮದಲ್ಲ, ತೆರಿಗೆಯದು. ಬಂದ ದಿನವೇ ಬೇರೆ ಖಾತೆಗೆ ಹಾಕಿ ಮರೆತುಬಿಡಿ. ತಂಡದವರು ಮೊದಲೇ ಹಿಡಿದುಕೊಳ್ಳುವ ನೂರಕ್ಕೆ ಹತ್ತು ಬರೀ ಮುಂಗಡ, ಪೂರ್ತಿ ತೆರಿಗೆ ಅಂದುಕೊಳ್ಳಬೇಡಿ. ಒಂದು ವರ್ಷ ಕಾರು ಕೊಳ್ಳಬೇಡಿ. ಯಾರಾದರೂ ದುಡ್ಡು ಕೇಳಿದರೆ, ನನ್ನ ಸಲಹೆಗಾರರನ್ನು ಕೇಳಿ ಹೇಳ್ತೀನಿ ಅನ್ನಿ."

ಕಂಠಪ್ಪ ನನ್ನ ತೊಡೆ ಚಿವುಟಿದ. "ಸಲಹೆಗಾರ ಅಂದ್ರಲ್ಲ ಸಾ, ಅದು ನಾನೇ ಕಣ."

ಯಾರೋ ಎದ್ದು ವ್ಯವಸಾಯದ ವರಮಾನಕ್ಕೂ ತೆರಿಗೆ ಇದೆಯೇ ಎಂದು ಕೇಳಿದರು. ಇಲ್ಲ ಎಂದರು ಆಕೆ. ಹೋಟೆಲಿನವರು ಕೊಟ್ಟ ಕಾಗದದಲ್ಲಿ ಕಂಠಪ್ಪ ದಿನವಿಡೀ ಬರೆದುಕೊಂಡಿದ್ದು ಅದೊಂದೇ ಸಾಲು.

ಸೀಸನ್ ಶುರುವಾಯಿತು, ದುಡ್ಡೂ ಬಂತು. ಹತ್ತು ಪರ್ಸೆಂಟ್ ಹಿಡಿದುಕೊಂಡು ಇಪ್ಪತ್ತೇಳು ಲಕ್ಷದ ತೊಂಬತ್ತು ಸಾವಿರ. ಶಶಿ ಆಡುತ್ತಾ ಊರೂರು ಸುತ್ತುತ್ತಿದ್ದ. ದುಡ್ಡು ಸುತ್ತಿದ್ದು ನಮ್ಮ ತಾಲ್ಲೂಕುಗಳಲ್ಲಿ. ಹದಿನಾಲ್ಕು ಲಕ್ಷಕ್ಕೆ ಬಿಳಿ ಕಾರು ಬಂತು. ಸಣ್ಣಬೀರಯ್ಯನ ಮನೆಯ ಓಣಿಗೆ ಅದು ಹಿಡಿಸುವುದಿಲ್ಲವಾದ್ದರಿಂದ ಸಾಲಿಗ್ರಾಮದಲ್ಲಿ ಕಂಠಪ್ಪನ ಮನೆ ಮುಂದೆಯೇ ನಿಂತಿತು. ಕಂಠಪ್ಪ ಎಚ್.ಡಿ. ಕೋಟೆ ಕಡೆ ಮೂರು ಎಕರೆ ಗುತ್ತಿಗೆ ಹಿಡಿದು, ಶಶಿಯ ನಾಲ್ಕು ಲಕ್ಷ ಹಾಕಿ ಶುಂಠಿ ನೆಟ್ಟ. ಮಳೆಗಾಲ ಮುಗಿಯುವಷ್ಟರಲ್ಲಿ ಮೂರೆಕರೆಯೂ ಕೊಳೆತು, ದಾರಿಹೋಕರು ಮೂಗು ಮುಚ್ಚಿಕೊಂಡರು. ಕಮಾನಿಗೆ ಎರಡು ಲಕ್ಷ ಹೋಯಿತು. ಅದರ ಮೇಲೆ ದಾನಿಯ ಹೆಸರಿಗಿಂತ ಉದ್ಘಾಟಕರ ಹೆಸರು ದೊಡ್ಡದಾಗಿತ್ತು. ನನಗೂ ನಲವತ್ತು ಸಾವಿರ ಬಂತು, ಗುರುಕಾಣಿಕೆ ಎಂದು. ಬೈಕಿನ ಟೈರು, ಮಗಳ ಕಾಲೇಜು ಫೀಸು, ಅಂತೂ ಖರ್ಚಾಯಿತು.

ಸೀಸನ್ ಮುಗಿಸಿ ಶಶಿ ಊರಿಗೆ ಬಂದ. ತೆರಿಗೆ ವಿವರ ಸಲ್ಲಿಸುವ ತಿಂಗಳು ಬಂದಾಗ ರಾಧಾ ಜಗುಲಿಯಲ್ಲಿ ಮಾವನನ್ನು ನಿಲ್ಲಿಸಿ ಕೇಳಿದಳು. ನಾನೂ ಅಲ್ಲೇ ಇದ್ದೆ.

"ಮಾವ, ಇನ್ನೂ ನಾಕೂವರೆ ಲಕ್ಷಕ್ಕಿಂತ ಜಾಸ್ತಿನೇ ತೆರಿಗೆ ಕಟ್ಬೇಕು. ಎಲ್ಲಿಟ್ಟಿದ್ದೀರಿ?"

"ಮೂರು ಲಕ್ಸ ಅವ್ರೇ ಇಡ್ಕಂಡವ್ರಲ್ಲವ್ವ. ಒಂದ್ ಕುರಿನ ಎಷ್ಟ್ ಸಲ ಕೂದ್ಲು ಕತ್ತರ್ಸದು? ಅದ್ಕೇ ಶುಂಠಿ ದುಡ್ಡು ಅಂತ ತೋರ್ಸುಬುಡನ. ವ್ಯವಸಾಯಕ್ಕೆ ಟ್ಯಾಕ್ಸಿಲ್ಲ."

"ಶುಂಠಿ ಕೊಳೆತೋಯ್ತಲ್ಲ?"

"ಕೊಳ್ತಿದ್ದು ಕೋಟೆಲಿ. ಕಾಗ್ದದಲ್ಲಿ ಯಾಕ್ ಕೊಳ್ತದು?"

"ದುಡ್ಡು ಕೊಟ್ಟೋರು ಕಬಡ್ಡಿಗೆ ಅಂತ ಬರೆದವ್ರೆ ಮಾವ."

"ಕಬಡ್ಡಿ ಎಲ್ಲಾಡದು? ಮಣ್ಣಲ್ಲಿ. ಮಣ್ಣಿಂದ ಬಂದದ್ದೆಲ್ಲ ವ್ಯವಸಾಯವೇಯ."

"ಅವ್ರು ಮ್ಯಾಟ್ ಮೇಲೆ ಆಡ್ತಾರೆ."

ಒಳಗಿನಿಂದ ಚಿಕ್ಕಬೀರಮ್ಮ ಕಿಸಕ್ಕನೆ ನಕ್ಕಳು. ಕಂಠಪ್ಪನಿಗೆ ಅವಮಾನವಾಯಿತು. ಓದಿದ ಹೆಣ್ಣುಮಕ್ಕಳ ಬಾಯಿ ಕುರಿತು ಎರಡು ಮಾತಾಡಿ, ಕಾರು ಹತ್ತಿ ಹೊರಟ. ನೇರ ಹೋಗಿದ್ದು ಕೆ.ಆರ್. ನಗರಕ್ಕೆ.

ಅಲ್ಲಿ ಬೇಕರಿಯೊಂದರ ಮಹಡಿಯಲ್ಲಿ ಮಾದೇಶ ಎಂಬವನಿದ್ದ. ಹಿಡಿದುಕೊಂಡ ತೆರಿಗೆಯನ್ನು ಸರ್ಕಾರದಿಂದ ವಾಪಸು ತರಿಸಿಕೊಡುವುದು ಅವನ ಕೆಲಸ. ಬಂದದ್ದರಲ್ಲಿ ನೂರಕ್ಕೆ ಹನ್ನೆರಡು ಅವನಿಗೆ. ಶುಂಠಿಯ ಮಾತೆತ್ತಿದರೆ ಅವನು ನಕ್ಕನಂತೆ. "ಶುಂಠಿ, ಅಡಿಕೆ ಎಲ್ಲ ಹಳೇ ಕಾಲ್ದು ಕಂಠಪ್ಪೋರೆ. ಈಗೇನಿದ್ರೂ ದೇಣಿಗೆ. ಕೊಟ್ಟಷ್ಟಕ್ಕೂ ಟ್ಯಾಕ್ಸಿಲ್ಲ." ಕಂಪ್ಯೂಟರಿನಲ್ಲಿ ಏನೇನೋ ಒತ್ತಿದ. ಮೈದಾನದಲ್ಲಿ ಅಭ್ಯಾಸ ಮಾಡುತ್ತಿದ್ದ ಶಶಿಯ ಫೋನಿಗೆ ಆರಂಕಿಯ ಒಂದು ಸಂಖ್ಯೆ ಬಂತು. ಮಾವ ಕೇಳಿದ, ಅಳಿಯ ಹೇಳಿದ.

ತಿಂಗಳೊಳಗೆ ಶಶಿಯ ಖಾತೆಗೆ ಮೂರು ಲಕ್ಷದ ಹತ್ತು ಸಾವಿರ ವಾಪಸು ಬಂತು.

ಮೂವತ್ತೊಂದು ಲಕ್ಷ ಬಂದಾಗಲೂ ಊರಿನಲ್ಲಿ ಅಷ್ಟು ಸಂಭ್ರಮವಾಗಿರಲಿಲ್ಲ. ಆಡಿ ಗೆಲ್ಲುವುದರಲ್ಲಿ ಏನಿದೆ, ಸರ್ಕಾರ ನುಂಗಿದ್ದನ್ನು ಕಕ್ಕಿಸಿದ್ದಾನಲ್ಲ ಅದು ಗಂಡಸುತನ ಎಂದು ಜನ ಕಂಠಪ್ಪನನ್ನು ಹೊಗಳಿದರು. ಹನ್ನೆರಡನೆಯ ಶಾಲು ಬಿದ್ದದ್ದು ಅವನ ಹೆಗಲಿಗೆ. ಮಾರನೆಯ ವಾರದಿಂದಲೇ ಸಂಬಳದವರೆಲ್ಲ ಬೇಕರಿಯ ಮಹಡಿ ಹತ್ತತೊಡಗಿದರು. ನಮ್ಮ ಹೆಡ್‌ಮಾಸ್ತರರು, ಇಬ್ಬರು ಮೇಷ್ಟ್ರುಗಳು, ಬ್ಯಾಂಕಿನ ಕ್ಲಾರ್ಕು, ನಾನು. ತಡವಾದ ವಿವರಕ್ಕೂ ಜಾಗವಿದೆ ಎಂದು ಮಾದೇಶ ಭರವಸೆ ಕೊಟ್ಟ. ನನಗೆ ಹದಿನೆಂಟು ಸಾವಿರ ಬಂತು. ನ್ಯಾಯವಾಗಿ ನನ್ನದೇ ದುಡ್ಡು ಎಂದು ನನ್ನ ಹೆಂಡತಿ ಪ್ರಮೀಳಾಗೆ ವಿವರಿಸಿದೆ. ಅವಳು ವಿವರಣೆ ಕೇಳಿರಲೇ ಇಲ್ಲ.

ಕೆಲವು ತಿಂಗಳು ಕಳೆದವು. ಒಂದು ಭಾನುವಾರ ನಾನು ಶಾಲಾ ತಂಡಕ್ಕೆ ಟ್ರ್ಯಾಕ್ ಸೂಟ್ ಕೇಳುವ ಅರ್ಜಿ ಹಿಡಿದು ಶಶಿಯ ಮನೆಗೆ ಹೋಗಿದ್ದೆ. ಜಗುಲಿಯ ಮೇಲೆ ರಾಧಾ ತಮ್ಮನ ಫೋನು ಹಿಡಿದು ಕೂತಿದ್ದಳು. ತೆರಿಗೆ ಇಲಾಖೆಯಿಂದ ಒಂದು ಸಂದೇಶ ಬಂದಿತ್ತು. ನೀವು ತೋರಿಸಿರುವ ವಿನಾಯಿತಿ ಅನುಮಾನ ತರುವಂತಿದೆ, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಬಹುದು ಎಂದು ಅದರ ಸಾರ. ಅಂಥದೇ ಸಂದೇಶ ನನಗೂ ಬಂದಿತ್ತು. ಸಾಲ ಕೊಡುವ ಕಳ್ಳರದ್ದಿರಬೇಕೆಂದು ಅಳಿಸಿಹಾಕಿದ್ದೆ.

"ಲೋ ಶಶಿ, ಇಪ್ಪತ್ತಾರು ಲಕ್ಷ ದೇಣಿಗೆ ಕೊಟ್ಟಿದ್ದೀಯಲ್ಲ, ಯಾವ ಪಕ್ಷಕ್ಕೋ?" ಎಂದಳು ರಾಧಾ.

"ಯಾವ್ ಪಕ್ಷ? ಪಿತೃಪಕ್ಷಕ್ಕೂ ನಾನೇನೂ ಕೊಟ್ಟಿಲ್ಲ ಕಣಕ್ಕ."

ಅವಳು ಮಾದೇಶ ಸಲ್ಲಿಸಿದ್ದ ವಿವರ ತೆಗೆದು ತೋರಿಸಿದಳು. ಎಂಟು ಪದದ ಹೆಸರಿನ ಒಂದು ರಾಜಕೀಯ ಪಕ್ಷ. ನಮ್ಮಲ್ಲಿ ಯಾರೂ ಕಾಲಿಡದ ರಾಜ್ಯದ, ಯಾರೂ ಕೇಳದ ಊರಿನಲ್ಲಿ ಅದರ ಕಚೇರಿ. ಆ ವಿಳಾಸ ಹಾಕಿ ಹುಡುಕಿದರೆ ಫೋನಿನಲ್ಲಿ ಮೂಡಿದ ಚಿತ್ರ ಪಂಕ್ಚರ್ ಅಂಗಡಿಯದು. ಮೂವತ್ತೊಂದು ಲಕ್ಷ ದುಡಿದ ಪಿರಿಯಾಪಟ್ಟಣ ತಾಲ್ಲೂಕಿನ ಹುಡುಗ ಅದರಲ್ಲಿ ಇಪ್ಪತ್ತಾರು ಲಕ್ಷವನ್ನು ಆ ಪಕ್ಷದ ಕೈಗಿತ್ತು, ಐದು ಲಕ್ಷದಲ್ಲಿ ಕಷ್ಟಪಟ್ಟು ಜೀವನ ಮಾಡುತ್ತಿದ್ದಾನೆಂದು ಸರ್ಕಾರಕ್ಕೆ ತಿಳಿಸಲಾಗಿತ್ತು.

"ಇದು ನಾನು ಬರ್ದಿದ್ದಲ್ಲ" ಎಂದ ಶಶಿ.

"ನಂಬರ್ ಹೇಳ್ದೋನು ನೀನೇ. ಅದು ನಿನ್ನ ಸಹಿ ಇದ್ದಂಗೆ. ಈಗ ನಾವೇ ತಿದ್ದಿ ಕಟ್ಟುದ್ರೆ ಬಡ್ಡಿ, ಮೇಲ್ತೆರಿಗೆ ಎಲ್ಲ ಸೇರಿ ಹನ್ನೊಂದು ಲಕ್ಷದ ಹತ್ರ ಆಗುತ್ತೆ. ಅವರೇ ಬಂದು ಹಿಡಿದ್ರೆ ತೆರಿಗೆಯ ಎರಡರಷ್ಟು ದಂಡ, ಅದರ ಮೇಲೆ ಕೇಸು."

"ನಂತಾವ ಎಷ್ಟದೆ?"

"ಎರಡು ಲಕ್ಷದ ಎಂಬತ್ತು ಸಾವಿರ."

ಶಶಿ ಗೋಡೆಗೊರಗಿದ. ಯಾರನ್ನೂ ನೋಡದೆ, "ಒಂದ್ ವರ್ಸ ಕಾರು ತಗೋಬೇಡಿ ಅಂದಿದ್ರು. ನಂಗೆ ಕೇಳ್ಸಿತ್ತು. ಮಾವ ಬೇಜಾರ್ ಮಾಡ್ಕತಾನೆ ಅಂತ ಸುಮ್ನಾದೆ" ಎಂದ.

ನಾನು ಅರ್ಜಿಯನ್ನು ಮಡಿಸಿ ಜೇಬಿಗಿಟ್ಟೆ.

ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತಿದ್ದ ಸಣ್ಣಬೀರಯ್ಯ ಈಗ ಮಾತಾಡಿದ. "ತಂಬಾಕು ಬೋರ್ಡ್ನೋರು ಕೊಟ್ಟಿದ್ ಲೆಕ್ಕಕ್ಕಿಂತ ಎಚ್ಚಾಗಿ ತಂಬಾಕು ಬೆಳುದ್ರೆ ದಂಡ ಕಟ್ಟೇ ಮಾರ್ಬೇಕು ಕಣ್ ಮಗ. ಎಷ್ಟೋ ಸಲ ಕಟ್ಟಿವ್ನಿ. ಕದ್ದು ಮಾರ್ದೋರ್ದು ಲೈಸೆನ್ಸೇ ಓಯ್ತು. ಬೈಕಂಡಾರ ಕಟ್ಟು. ಕಟ್ಟು."

"ಕಾರು ಮಾರ್ಬೇಕಾಯ್ತದೆ."

"ಅದ್ರಲ್ಲಿ ನಾನು ಒಂದ್ ದಪನೂ ಕುಂತಿಲ್ಲ" ಎಂದಳು ಚಿಕ್ಕಬೀರಮ್ಮ. ಅಲ್ಲಿಗೆ ತೀರ್ಮಾನವಾಯಿತು.

ಮಾರನೆಯ ದಿನ ಅಕ್ಕ, ತಮ್ಮ ಬಸ್ಸು ಹತ್ತಿ ಸಾಲಿಗ್ರಾಮಕ್ಕೆ ಹೋದರು. ಕಂಠಪ್ಪ ಹೇಗೂ ಕೂಗಾಡುತ್ತಾನೆ, ಹಿರಿಯರೊಬ್ಬರಿರಲಿ ಎಂದು ನನ್ನನ್ನೂ ಕರೆದರು. ಕಾರು ಮನೆ ಮುಂದೆ ಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ಮದುವೆಗಳಿಗೆ ಬಾಡಿಗೆಗೆ ಬಿಡುತ್ತಿದ್ದನೆಂದು ಆಗ ತಿಳಿಯಿತು. ಹಿಂದಿನ ಗಾಜಿನ ಮೇಲೆ ಕಬಡ್ಡಿ ಆಡುವವನ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಮ್ಯಾನೇಜರ್: ಕಂಠಪ್ಪ' ಎಂದು ಬರೆದು ಫೋನ್ ನಂಬರು.

ವಿಷಯ ಕೇಳಿದ ಕಂಠಪ್ಪ ಎದೆ ಬಡಿದುಕೊಂಡ. "ಬಂದಿರೋ ದುಡ್ನ ವಾಪಸ್ ಕಟ್ಟೋ ಗೂಬೆನ ಪರ್ಪಂಚದಲ್ಲಿ ಕಂಡಿದ್ದೀಯ ಸಾ? ಕಾರಿಲ್ದೆ ಓದ್ರೆ ನನ್ನ ಮ್ಯಾನೇಜ್ರು ಅಂತ ಯಾರು ಒಪ್ತಾರೆ? ಅಳಿಮಯ್ಯ, ಒಂದಾರ್ ತಿಂಗ್ಳು ಇರ್ಲಿ ಬುಡು. ಮದ್ವೆ ಸೀಸನ್ನು."

ಶಶಿ ಮಾವನ ಮುಖವನ್ನೇ ನೋಡುತ್ತಿದ್ದ. ಅಷ್ಟು ದಿನದಲ್ಲಿ ಮೊದಲ ಸಲ ಅವನ ತುಟಿಯಲ್ಲಿ ನಗೆ ಕಂಡೆ.

"ತಡಿ ಮಾವ, ನನ್ನ ಸಲಹೆಗಾರ್ರನ್ನ ಕೇಳ್ಬುಟ್ಟು ಏಳ್ತೀನಿ" ಎಂದು ರಾಧಾಳ ಕಡೆ ತಿರುಗಿದ. "ಏನಕ್ಕ?"

"ಕೀ ಇಸ್ಕೊ" ಎಂದಳು ಅವಳು.

ಕಂಠಪ್ಪ ನನ್ನ ಕಡೆ ನೋಡಿದ. ನಾನು ಹೂವಿನ ಹಾರ ಬಿಚ್ಚಲು ಹೋದೆ.

ಹುಣಸೂರಿನಲ್ಲಿ ಕಾರಿಗೆ ಎಂಟು ಲಕ್ಷದ ಮೂವತ್ತು ಸಾವಿರ ಬಂತು. ಗಾಜಿನ ಮೇಲಿನ ಮ್ಯಾನೇಜರನ್ನು ಕೆರೆದು ತೆಗೆಯುವ ಕೂಲಿಗೆಂದು ಕೊಂಡವನು ಐನೂರು ಮುರಿದುಕೊಂಡ. ಇದ್ದಬದ್ದದ್ದೆಲ್ಲ ಸೇರಿಸಿ ರಾಧಾ ಒಂದೇ ಸಲಕ್ಕೆ ಕಟ್ಟಿದಳು. ಅಂದು ಸಂಜೆ ಶಶಿಯ ಖಾತೆಯಲ್ಲಿ ಉಳಿದದ್ದು ಎರಡು ಸಾವಿರದ ಚಿಲ್ಲರೆ. ಅವನು ಹೊಟ್ಟೆತುಂಬ ಮುದ್ದೆ ಉಂಡು ಮಲಗಿದನಂತೆ, ಅವನಮ್ಮ ಹೇಳಿದಳು.

ಊರು ಮಾತ್ರ ಉಣ್ಣಲಿಲ್ಲ. ಟೀ ಅಂಗಡಿಯಲ್ಲಿ, ಡೈರಿಯಲ್ಲಿ, ಹರಾಜು ಕಟ್ಟೆಯಲ್ಲಿ ಅದೇ ಮಾತು. ಕೈಗೆ ಬಂದ ಸರ್ಕಾರದ ದುಡ್ಡನ್ನು ಹಿಂದಕ್ಕೆ ಕೊಟ್ಟನಂತೆ! ಅಕ್ಕ ಅನ್ನೋಳು ತಲೆ ತಿರುಗಿಸಿದಳಂತೆ! ಕಳ್ಳ ಲೆಕ್ಕ ಬರೆದದ್ದು ತಪ್ಪೆಂದು ಒಬ್ಬರ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ. ಮುಂದಿನ ಹರಾಜಿನಲ್ಲಿ ಬೇರೆ ತಂಡದವರು ಶಶಿಯನ್ನು ಹತ್ತೊಂಬತ್ತು ಲಕ್ಷಕ್ಕೆ ತೆಗೆದುಕೊಂಡರು. ಹನ್ನೆರಡು ಲಕ್ಷ ಬೆಲೆ ಇಳಿಯಿತು ಎಂದು ಜನ ತಂಬಾಕಿನ ದರ ಕುಸಿದಂತೆ ಆಡಿಕೊಂಡರು. ಪಟಾಕಿ ಹೊಡೆಯಲಿಲ್ಲ, ಶಾಲು ಹೊದಿಸಲಿಲ್ಲ, ಆದ್ದರಿಂದ ಮನವಿ ಪತ್ರಗಳೂ ಬರಲಿಲ್ಲ. ಸಣ್ಣಬೀರಯ್ಯ ಒಂದೇ ಪ್ರಶ್ನೆ ಕೇಳಿದ್ದು: "ಕಡಿತ ಓಗಿ ಎಷ್ಟಪ್ಪ?" ರಾಧಾ ಹೇಳಿದಳು. ಅವನು ತಲೆಯಾಡಿಸಿ, ಸೊಪ್ಪು ಹದಮಾಡುವ ಬೇರನ್ನಿಗೆ ಸೌದೆ ಒಟ್ಟಲು ಹೋದ.

ಆರು ತಿಂಗಳಿಗೆ ನೋಟೀಸುಗಳು ಬಂದವು. ಹೆಡ್‌ಮಾಸ್ತರರಿಗೆ, ಮೇಷ್ಟ್ರುಗಳಿಗೆ, ಬ್ಯಾಂಕಿನ ಕ್ಲಾರ್ಕಿಗೆ, ನನಗೆ. ಬೇಕರಿಯ ಮಹಡಿಗೆ ಓಡಿದರೆ ಬಾಗಿಲಿಗೆ ಬೀಗ. ಬೇಕರಿಯವನಿಗೂ ಮೂರು ತಿಂಗಳ ಬಾಡಿಗೆ ಬರಬೇಕಿತ್ತು. ಸ್ಟಾಫ್ ರೂಮಿನಲ್ಲಿ ಸಭೆ ಸೇರಿದೆವು. ಹೆಡ್‌ಮಾಸ್ತರರು ಮೇಜು ಗುದ್ದಿದರು.

"ಎಲ್ಲಾ ಆ ಶಶಿಯಿಂದ ಆದದ್ದು ಕಣ್ರೀ! ಇವನು ಹೋಗಿ ಕಟ್ಟಿದ್ದಕ್ಕೇ ಅವರಿಗೆ ನಮ್ಮ ಊರು ಅಂತ ಒಂದಿದೆ ಅನ್ನೋದು ಗೊತ್ತಾಗಿದ್ದು. ಸುಮ್ಮನೆ ಇದ್ದಿದ್ದರೆ ಏನಾಗ್ತಿತ್ತು?"

ಎಲ್ಲರೂ ಹೌದೆಂದರು. ಕಾರಿಡಾರಿನಲ್ಲಿ ತೂಗಿದ್ದ ಶಶಿಯ ಫೋಟೋವನ್ನು ಇಳಿಸಬೇಕೆಂದು ನಿರ್ಣಯವಾಯಿತು. ದೈಹಿಕ ಶಿಕ್ಷಕನೆಂಬ ಕಾರಣಕ್ಕೆ ಸ್ಟೂಲು ಹತ್ತಿ ಇಳಿಸಿದವನು ನಾನು.

ಅದರ ಮುಂದಿನ ಭಾನುವಾರ, ಯಾರೂ ನೋಡದ ಹೊತ್ತು ನೋಡಿಕೊಂಡು, ನೋಟೀಸನ್ನು ಪತ್ರಿಕೆಯೊಳಗೆ ಸುತ್ತಿ, ರಾಧಾಳನ್ನು ಹುಡುಕಿಕೊಂಡು ಶಶಿಯ ಮನೆಗೆ ಹೋದೆ. ಅವಳು ಆಶ್ಚರ್ಯಪಡಲಿಲ್ಲ. ಕಾಗದ ಓದಿ, ಫೋನಿನಲ್ಲಿ ಲೆಕ್ಕ ಹಾಕಿದಳು.

"ದಂಡ, ಬಡ್ಡಿ ಸೇರಿ ಐವತ್ತೆಂಟು ಸಾವಿರ ಆಗುತ್ತೆ ಸಾರ್."

"ಹದಿನೆಂಟಕ್ಕೆ ಐವತ್ತೆಂಟಾ?"

"ಸಂದೇಶ ಬಂದಾಗಲೇ ತಿದ್ದಿದ್ರೆ ಇಪ್ಪತ್ತೈದರೊಳಗೆ ಮುಗೀತಿತ್ತು. ಅವತ್ತು ನೀವಿಲ್ಲೇ ಕೂತಿದ್ರಲ್ಲ."

ನಾನು ಅಂಗಳದ ಕೋಳಿಗಳನ್ನು ನೋಡಿದೆ. ಅವಳು ಅರ್ಧ ಗಂಟೆ ಕೂತು ಉತ್ತರ ತಯಾರಿಸಿದಳು. ಎಲ್ಲಿ ಸಹಿ, ಯಾವ ದಿನದೊಳಗೆ ಹಣ, ಎಲ್ಲ ಬಿಡಿಸಿ ಹೇಳಿದಳು. ಫೀಸೆಷ್ಟೆಂದು ಕೇಳಿ ಐನೂರರ ನೋಟು ತೆಗೆದೆ.

"ಎಲ್ರಿಗೂ ಐನೂರು. ನಿಮ್ಹತ್ರ ಮಾತ್ರ ತಗೋಬೇಡ ಅಂದವ್ನೆ ಶಶಿ. ಗುರುಗಳು ಅಂತ."

"ಫೋಟೋ ಇಳಿಸಿದ್ದು ಅವನಿಗೆ..."

"ಗೊತ್ತು ಸಾರ್. ನೆನ್ನೆ ಫೋನ್ ಮಾಡಿದಾಗ ಹೇಳ್ದೆ. ಆದ್ರೂ ಬೇಡ ಅಂದ."

ಇಲ್ಲ ಇಲ್ಲ, ತಗೋಬೇಕು, ವ್ಯವಹಾರ ಬೇರೆ, ವಿಶ್ವಾಸ ಬೇರೆ ಎಂದೆ. ಅವಳು ಇನ್ನೊಂದು ಸಲ ಬೇಡವೆಂದಳು. ನಾನು ಹೆಚ್ಚು ಬಲವಂತ ಮಾಡಲಿಲ್ಲ. ನೋಟನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಂದೆ.